ಕ್ರಿಯಾಟಿನಿನ್ 1.2: ಮಗನಿಗೂ ತಾಯಿಗೂ ಒಂದೇ ಅಂಕಿ, ಅರ್ಥ ಬೇರೆ

ಪ್ರಶ್ನೆ: ನನಗೆ 46 ವರ್ಷ. ಮೂಲ ಊರು ಕುಮಟಾ, ವಾಸ ಡೊಂಬಿವಲಿ, ಕೆಲಸ ಫೋರ್ಟ್‌ನ ಒಂದು ಕಚೇರಿಯಲ್ಲಿ. ಸಸ್ಯಾಹಾರಿ, ಸಿಗರೇಟು, ಮದ್ಯ ಎರಡೂ ಇಲ್ಲ. ಎರಡು ವರ್ಷಗಳಿಂದ ಜಿಮ್‌ನಲ್ಲಿ ಭಾರ ಎತ್ತುತ್ತಿದ್ದೇನೆ, ಪ್ರೋಟೀನ್ ಪುಡಿಯ ಜೊತೆ ಕ್ರಿಯಾಟಿನ್ ಪುಡಿಯನ್ನೂ ಸೇವಿಸುತ್ತೇನೆ. ಕಳೆದ ತಿಂಗಳು ನಮ್ಮ ಸೊಸೈಟಿಯ ಸಭಾಗೃಹದಲ್ಲಿ ರಿಯಾಯಿತಿ ದರದ ರಕ್ತಪರೀಕ್ಷೆ ಶಿಬಿರ ನಡೆದಾಗ ನಾನೂ ತಾಯಿಯವರೂ ರಕ್ತ ಕೊಟ್ಟೆವು. ಅದಕ್ಕೆ ಒಂದು ವಾರ ಮೊದಲು ನನಗೆ ಜ್ವರ ಬಂದು ಹೋಗಿತ್ತು. ನನ್ನ ವರದಿಯಲ್ಲಿ ಕ್ರಿಯಾಟಿನಿನ್ 1.2, ಇಜಿಎಫ್‌ಆರ್ 75 ಎಂದು ಕೆಂಪು ಅಕ್ಷರದಲ್ಲಿದೆ. ಸಿಸ್ಟಾಟಿನ್ ಸಿ 0.85, ಎಚ್‌ಎಸ್‌ಸಿಆರ್‌ಪಿ 4.1, ಹೋಮೋಸಿಸ್ಟೀನ್ 28, ಯೂರಿಕ್ ಆಸಿಡ್ 7.4, ಎನ್‌ಟಿ ಪ್ರೋಬಿಎನ್‌ಪಿ 32, ಎಲ್‌ಡಿಎಲ್ 142, ಎಚ್‌ಡಿಎಲ್ 38, ಟ್ರೈಗ್ಲಿಸರೈಡ್ 190. ಸಕ್ಕರೆ ಸರಿಯಿದೆ. ಶಿಬಿರದಲ್ಲಿ ಬಿಪಿ 142/90 ಇತ್ತು, ಗಡಿಬಿಡಿಯಲ್ಲಿ ಬಂದಿದ್ದೀರಿ ಎಂದರು. ತಂದೆಯವರು 52ನೇ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ತಾಯಿಗೆ 68, 14 ವರ್ಷಗಳಿಂದ ಸಕ್ಕರೆ ಕಾಯಿಲೆ ಇದೆ. ಅವರ ಕ್ರಿಯಾಟಿನಿನ್ ಕೂಡ 1.2, ಆದರೆ ಅದಕ್ಕೆ ಕೆಂಪು ಗುರುತು ಇಲ್ಲ, ಹಾಗಾಗಿ ಅವರದು ಸರಿಯಿದೆ. ನನ್ನ ಕಿಡ್ನಿ ಕೆಡುತ್ತಿದೆಯೇ? ಇದರಿಂದ ಹೃದಯಕ್ಕೆ ಅಪಾಯವೇ? ದಿನಕ್ಕೆ ಐದು ಲೀಟರ್ ನೀರು ಕುಡಿಯಿರಿ, ಕೊಲೆಸ್ಟರಾಲ್‌ಗೆ ಬಿಂಬುಳಿ ರಸ ಕುಡಿಯಿರಿ ಎಂದು ಪರಿಚಿತರು ಹೇಳುತ್ತಿದ್ದಾರೆ. ಮಾಡಬಹುದೇ?

ಉತ್ತರ: ನಿಮ್ಮ ಪತ್ರದಲ್ಲಿ ಎರಡು ವರದಿಗಳಿವೆ. ನೀವು ಹೆದರಿರುವುದು ನಿಮ್ಮ ವರದಿ ನೋಡಿ. ನನಗೆ ಚಿಂತೆಯಾದದ್ದು ನಿಮ್ಮ ತಾಯಿಯವರ ವರದಿ ಓದಿ. ನೀವು ಕೊಟ್ಟ ಅಂಕಿಗಳ ಪ್ರಕಾರ ನಿಮ್ಮ ಮೂತ್ರಪಿಂಡಗಳು ಚೆನ್ನಾಗಿ ಕೆಲಸ ಮಾಡುತ್ತಿವೆ. ತಾಯಿಯವರ ಮೂತ್ರಪಿಂಡಗಳ ಸಾಮರ್ಥ್ಯ ಅರ್ಧದಷ್ಟಕ್ಕೆ ಇಳಿದಿರುವ ಸಾಧ್ಯತೆಯಿದೆ. ನಿಮ್ಮ ಹೃದಯದ ವಿಷಯದಲ್ಲಿ ಯೋಚಿಸಬೇಕಾದದ್ದು ಖಂಡಿತ ಇದೆ. ಅದು ನೀವು ಹಗುರವಾಗಿ ಬರೆದು ಮುಂದೆ ಹೋದ ರಕ್ತದೊತ್ತಡದಲ್ಲಿ, ಕೆಟ್ಟ ಕೊಲೆಸ್ಟರಾಲ್ ಎನ್ನುವ ಎಲ್‌ಡಿಎಲ್‌ನಲ್ಲಿ ಮತ್ತು ತಂದೆಯವರು ತೀರಿಕೊಂಡ ವಯಸ್ಸಿನಲ್ಲಿ ಇದೆ.

ಮೊದಲು ಕ್ರಿಯಾಟಿನಿನ್. ಇದು ಸ್ನಾಯುಗಳಲ್ಲಿ ದಿನವೂ ಹುಟ್ಟುವ ತ್ಯಾಜ್ಯ. ಮೂತ್ರಪಿಂಡ ಅದನ್ನು ಸೋಸಿ ಹೊರಹಾಕುತ್ತದೆ. ಸೋಸುವಿಕೆ ಕಡಿಮೆಯಾದರೆ ರಕ್ತದಲ್ಲಿ ಅದರ ಪ್ರಮಾಣ ಏರುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ಲೆಕ್ಕ. ಆದರೆ ಹುಟ್ಟುವಿಕೆ ಹೆಚ್ಚಾದರೂ ಪ್ರಮಾಣ ಏರುತ್ತದೆ ಎಂಬುದನ್ನು ಪ್ರಯೋಗಾಲಯದ ಗಣಕಯಂತ್ರ ಗಮನಿಸುವುದಿಲ್ಲ. ಭಾರ ಎತ್ತಿ ತೋಳು, ತೊಡೆ ಬೆಳೆಸಿದವರಲ್ಲಿ ಅದು ಹೆಚ್ಚೇ ಹುಟ್ಟುತ್ತದೆ. ಕ್ರಿಯಾಟಿನ್ ಪುಡಿ ಸೇವಿಸುವವರಲ್ಲಿ ಇನ್ನೂ ಸ್ವಲ್ಪ ಹೆಚ್ಚು, ಏಕೆಂದರೆ ಕ್ರಿಯಾಟಿನ್ ದೇಹದಲ್ಲಿ ಕ್ರಿಯಾಟಿನಿನ್ ಆಗಿಯೇ ಕೊನೆಯಾಗುತ್ತದೆ. ಇದರ ಮೇಲೆ, ಆರೋಗ್ಯವಂತರಲ್ಲೂ ಈ ಅಂಕಿ ದಿನದಿಂದ ದಿನಕ್ಕೆ ಸುಮಾರು ಶೇ 5ರಷ್ಟು ಏರಿಳಿಯುತ್ತದೆ. ಕಳೆದ ವರ್ಷ 1.1 ಇದ್ದದ್ದು ಈ ವರ್ಷ 1.2 ಆಯಿತು ಎಂದು ನಿದ್ದೆಗೆಡುವವರನ್ನು ನಾನು ಮೇಲಿಂದ ಮೇಲೆ ನೋಡುತ್ತೇನೆ. ಅಷ್ಟು ಚಿಕ್ಕ ವ್ಯತ್ಯಾಸಕ್ಕೆ ಅರ್ಥ ಹಚ್ಚಬಾರದು.

ಇಜಿಎಫ್‌ಆರ್ ಎಂದು ಬರೆದಿರುವುದು ಅಳೆದ ಸಂಖ್ಯೆಯಲ್ಲ, ಲೆಕ್ಕ ಹಾಕಿದ ಸಂಖ್ಯೆ. ಮೂತ್ರಪಿಂಡಗಳು ನಿಮಿಷಕ್ಕೆ ಎಷ್ಟು ಮಿಲಿಲೀಟರ್ ಸೋಸುತ್ತಿರಬಹುದು ಎಂಬ ಅಂದಾಜು ಅದು. ಕ್ರಿಯಾಟಿನಿನ್, ವಯಸ್ಸು, ಲಿಂಗ ಈ ಮೂರನ್ನು ಒಂದು ಸೂತ್ರಕ್ಕೆ ಹಾಕಿದರೆ ಉತ್ತರ ಬರುತ್ತದೆ. ಈಗ ಹೆಚ್ಚು ಬಳಕೆಯಲ್ಲಿರುವುದು 2021ರ ಸೂತ್ರ. 46 ವರ್ಷದ ಗಂಡಸಿಗೆ 1.2 ಹಾಕಿದರೆ ಸುಮಾರು 75 ಬರುತ್ತದೆ, ವರದಿಯಲ್ಲಿ ಇರುವುದೂ ಅದೇ. ಸೂತ್ರಕ್ಕೆ ನಿಮ್ಮ ತೋಳಿನ ಸುತ್ತಳತೆ ತಿಳಿಯದು. ಇಲ್ಲಿ ಸಿಸ್ಟಾಟಿನ್ ಸಿ ನೆರವಿಗೆ ಬರುತ್ತದೆ. ಇದು ದೇಹದ ಹೆಚ್ಚುಕಡಿಮೆ ಎಲ್ಲ ಜೀವಕೋಶಗಳೂ ತಯಾರಿಸುವ ಚಿಕ್ಕ ಪ್ರೋಟೀನು. ಸ್ನಾಯುವಿನ ಗಾತ್ರದ ಪ್ರಭಾವ ಇದರ ಮೇಲೆ ತೀರಾ ಕಡಿಮೆ. ಸ್ವೀಡನ್ನಿನ ಸಂಶೋಧಕರು 1985ರಲ್ಲಿಯೇ ಇದನ್ನು ಮೂತ್ರಪಿಂಡದ ಸೋಸುವಿಕೆಯ ಅಳತೆಗೋಲಾಗಿ ತೋರಿಸಿದ್ದರು. ನಿಮ್ಮ 0.85ನ್ನು ಅದರದೇ ಸೂತ್ರಕ್ಕೆ ಹಾಕಿದರೆ ಸುಮಾರು 102 ಬರುತ್ತದೆ. ಎರಡನ್ನೂ ಒಟ್ಟಿಗೆ ಬಳಸುವ ಸೂತ್ರದಲ್ಲಿ 92. ಎರಡೂ ಸೇರಿದ ಈ ಅಂದಾಜೇ ಒಂದೊಂದಕ್ಕಿಂತ ಹೆಚ್ಚು ನಂಬಲರ್ಹ. ಸಿಸ್ಟಾಟಿನ್‌ಗೂ ತನ್ನದೇ ಮಿತಿಗಳಿವೆ: ಸ್ಟಿರಾಯ್ಡ್ ಮಾತ್ರೆ, ಥೈರಾಯ್ಡ್ ತೊಂದರೆ, ಬೊಜ್ಜು, ಧೂಮಪಾನ, ಉರಿಯೂತ ಇವೆಲ್ಲ ಅದನ್ನು ಏರುಪೇರು ಮಾಡುತ್ತವೆ. ಜ್ವರ ಬಿಟ್ಟು ವಾರವಷ್ಟೇ ಆಗಿದ್ದಾಗಲೂ ನಿಮ್ಮದು ಇಷ್ಟು ಚೆನ್ನಾಗಿ ಬಂದಿದೆ ಎಂದರೆ ಅನುಮಾನಕ್ಕೆ ಎಡೆಯಿಲ್ಲ.

ಒಂದು ವೇಳೆ ನಿಮ್ಮ ನಿಜವಾದ ಸಂಖ್ಯೆ 75 ಎಂದೇ ಇಟ್ಟುಕೊಳ್ಳೋಣ. ಅದೂ ಕಾಯಿಲೆಯಲ್ಲ. ಅಂತರರಾಷ್ಟ್ರೀಯ ಮಾರ್ಗಸೂಚಿಗಳ ಪ್ರಕಾರ ದೀರ್ಘಕಾಲದ ಮೂತ್ರಪಿಂಡ ಕಾಯಿಲೆ ಎನ್ನಬೇಕಾದರೆ ಇಜಿಎಫ್‌ಆರ್ 60ಕ್ಕಿಂತ ಕೆಳಗೆ ಮೂರು ತಿಂಗಳಾದರೂ ಇರಬೇಕು, ಇಲ್ಲವೇ ಮೂತ್ರದಲ್ಲಿ ಆಲ್ಬುಮಿನ್ ಹೋಗುವಂತಹ ಹಾನಿಯ ಗುರುತು ಅಷ್ಟೇ ಕಾಲ ಇರಬೇಕು. 60ರಿಂದ 89ರ ನಡುವಿನ ಸಂಖ್ಯೆಗೆ, ಬೇರೆ ಯಾವ ದೋಷವೂ ಇಲ್ಲದಿದ್ದರೆ, ಕಾಯಿಲೆಯ ಹೆಸರು ಹಚ್ಚುವುದೇ ತಪ್ಪು. ಅನೇಕ ಪ್ರಯೋಗಾಲಯಗಳು 90ಕ್ಕಿಂತ ಕಡಿಮೆಯಾದದ್ದೆಲ್ಲವನ್ನೂ ಕೆಂಪಾಗಿ ಅಚ್ಚು ಹಾಕಿ ಜನರನ್ನು ಬೆದರಿಸುತ್ತವೆ. ನಲವತ್ತು ದಾಟಿದ ಮೇಲೆ ವರ್ಷಕ್ಕೆ ಸುಮಾರು ಒಂದು ಅಂಕದಷ್ಟು ಇಳಿಯುವುದು ವಯಸ್ಸಿನ ಸಹಜ ಗತಿ.

ಈಗ ತಾಯಿಯವರ ವಿಷಯ. ಅದೇ 1.2ನ್ನು 68 ವರ್ಷದ ಹೆಂಗಸಿನ ಲೆಕ್ಕಕ್ಕೆ ಹಾಕಿ ನೋಡಿ: 49 ಬರುತ್ತದೆ. ನಿಮ್ಮದಕ್ಕೆ ಇಜಿಎಫ್‌ಆರ್ ಅಚ್ಚು ಹಾಕಿದ ವರದಿ ಅವರದಕ್ಕೆ ಬರೀ ಕ್ರಿಯಾಟಿನಿನ್ ಕೊಟ್ಟಂತಿದೆ. ಅಗ್ಗದ ಪ್ಯಾಕೇಜುಗಳಲ್ಲಿ ಹೀಗಾಗುವುದುಂಟು. ಪ್ರಯೋಗಾಲಯ ಗಂಡಸರಿಗೂ ಹೆಂಗಸರಿಗೂ, ಮೂವತ್ತರವರಿಗೂ ಎಪ್ಪತ್ತರವರಿಗೂ ಒಂದೇ ಮಿತಿಯನ್ನು ಇಟ್ಟುಕೊಂಡಿದ್ದರೆ 1.2 ಅದರೊಳಗೇ ಕುಳಿತುಬಿಡುತ್ತದೆ, ಕೆಂಪು ಗುರುತು ಬೀಳುವುದಿಲ್ಲ, ಮನೆಯವರು ನೆಮ್ಮದಿಯಿಂದ ಕಾಗದ ಮಡಚಿಡುತ್ತಾರೆ. ನಮ್ಮ ತಾಯಂದಿರ ಮೂತ್ರಪಿಂಡದ ಕಾಯಿಲೆ ವರ್ಷಗಟ್ಟಲೆ ಬಚ್ಚಿಟ್ಟುಕೊಳ್ಳುವುದು ಇದೇ ಜಾಗದಲ್ಲಿ. ಇನ್ನೊಂದು ಮಾತು. ವಯಸ್ಸಾದ, ಸಣಕಲು ಮೈಯ ಹೆಂಗಸರಲ್ಲಿ ಸ್ನಾಯು ಕಡಿಮೆ, ಹಾಗಾಗಿ ಹುಟ್ಟುವ ಕ್ರಿಯಾಟಿನಿನ್ನೇ ಕಡಿಮೆ. ಅವರಲ್ಲಿ ಈ ಲೆಕ್ಕ ಮೂತ್ರಪಿಂಡವನ್ನು ಇರುವುದಕ್ಕಿಂತ ಚೆನ್ನಾಗಿ ತೋರಿಸುತ್ತದೆ. ನಿಜ ಸ್ಥಿತಿ 49ಕ್ಕಿಂತಲೂ ಕೆಳಗಿರಬಹುದು. ನಿಮಗೆ ಮಾಡಿದ ಸಿಸ್ಟಾಟಿನ್ ಸಿ ಪರೀಕ್ಷೆ ನಿಜಕ್ಕೂ ಬೇಕಾದದ್ದು ಅವರಿಗೆ. ಅಮೆರಿಕದಲ್ಲಿ 4,637 ಹಿರಿಯರನ್ನು ವರ್ಷಗಳ ಕಾಲ ಗಮನಿಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೃದಯ ಮತ್ತು ರಕ್ತನಾಳದ ಕಾಯಿಲೆಯಿಂದ ಬರುವ ಸಾವನ್ನು ಕ್ರಿಯಾಟಿನಿನ್‌ಗಿಂತ ಸಿಸ್ಟಾಟಿನ್ ಸಿ ಚೆನ್ನಾಗಿ ಮುನ್ಸೂಚಿಸಿತ್ತು.

ಇದರಿಂದ ಹೃದಯಕ್ಕೆ ಅಪಾಯವೇ ಎಂದು ನೀವು ಕೇಳಿದ್ದೀರಿ. ಮೂತ್ರಪಿಂಡಕ್ಕೂ ಹೃದಯಕ್ಕೂ ಹತ್ತಿರದ ನಂಟಿದೆ. ಹೃದಯ ಒತ್ತುವ ರಕ್ತದಲ್ಲಿ ಸುಮಾರು ಐದನೆಯ ಒಂದು ಭಾಗ ಸದಾ ಮೂತ್ರಪಿಂಡಗಳ ಮೂಲಕವೇ ಹಾಯುತ್ತದೆ. ಮುಷ್ಟಿಗಾತ್ರದ ಒಂದೊಂದು ಮೂತ್ರಪಿಂಡದಲ್ಲೂ ಸುಮಾರು ಹತ್ತು ಲಕ್ಷ ಸೋಸುವ ಘಟಕಗಳಿವೆ; ಪ್ರತಿಯೊಂದೂ ಕೂದಲಿಗಿಂತ ತೆಳುವಾದ ರಕ್ತನಾಳಗಳ ಒಂದು ಉಂಡೆ. ದಿನಕ್ಕೆ ಸುಮಾರು 180 ಲೀಟರ್ ದ್ರವ ಅವುಗಳಿಂದ ಸೋಸಿ ಹೋಗಿ, ಬಹುತೇಕ ಎಲ್ಲವೂ ರಕ್ತಕ್ಕೆ ವಾಪಸಾಗುತ್ತದೆ. ರಕ್ತದೊತ್ತಡ, ಸಕ್ಕರೆ, ತಂಬಾಕು ರಕ್ತನಾಳದ ಒಳಪೊರೆಯನ್ನು ಕೆಡಿಸತೊಡಗಿದಾಗ ಹೃದಯದ ಧಮನಿಯಲ್ಲಿ ಅದು ಬಹುಕಾಲ ಕಾಣುವುದಿಲ್ಲ, ಆದರೆ ಈ ಸೂಕ್ಷ್ಮ ಉಂಡೆಗಳು ಬೇಗ ಸೋರಲು ಶುರು ಮಾಡುತ್ತವೆ. ಆಮೇಲೆ ಹಾನಿ ಮರಳಿ ಹೃದಯದತ್ತ ತಿರುಗುತ್ತದೆ. ಸೋತ ಮೂತ್ರಪಿಂಡ ಉಪ್ಪು, ನೀರನ್ನು ಹಿಡಿದಿಟ್ಟುಕೊಂಡು ಒತ್ತಡ ಏರಿಸುತ್ತದೆ, ರಕ್ತಹೀನತೆ ತರುತ್ತದೆ, ರಂಜಕದ ಸಮತೋಲ ಕೆಡಿಸಿ ಧಮನಿಗಳ ಗೋಡೆಯಲ್ಲಿ ಸುಣ್ಣ ಕಟ್ಟಿಸುತ್ತದೆ. ಮೂತ್ರಪಿಂಡದ ಕಾಯಿಲೆ ಇರುವವರಲ್ಲಿ ಡಯಾಲಿಸಿಸ್ ಹಂತ ಮುಟ್ಟುವವರಿಗಿಂತ ಅದಕ್ಕೆ ಮೊದಲೇ ಹೃದಯದ ಕಾಯಿಲೆಯಿಂದ ತೀರಿಕೊಳ್ಳುವವರೇ ಹೆಚ್ಚು. ಕಿಡ್ನಿ ಎಂದೊಡನೆ ಡಯಾಲಿಸಿಸ್ ಯಂತ್ರವನ್ನಷ್ಟೇ ನೆನೆಯುವ ನಮ್ಮ ಕುಟುಂಬಗಳಿಗೆ ಈ ಮಾತು ಇನ್ನೂ ತಲುಪಿಲ್ಲ ಎಂಬ ಸಂಕಟ ನನಗಿದೆ.

ಈ ನಂಟಿಗೆ ಗಟ್ಟಿಯಾದ ಲೆಕ್ಕಗಳೂ ಇವೆ. ಉತ್ತರ ಕ್ಯಾಲಿಫೋರ್ನಿಯಾದ ಹನ್ನೊಂದು ಲಕ್ಷಕ್ಕೂ ಹೆಚ್ಚು ವಯಸ್ಕರ ದಾಖಲೆಗಳನ್ನು ಆಧರಿಸಿ 2004ರಲ್ಲಿ ಬಂದ ಅಧ್ಯಯನದಲ್ಲಿ, ಇಜಿಎಫ್‌ಆರ್ 60ಕ್ಕಿಂತ ಮೇಲಿದ್ದವರಿಗೆ ಹೋಲಿಸಿದರೆ 45ರಿಂದ 59 ಇದ್ದವರಲ್ಲಿ ಹೃದಯ, ರಕ್ತನಾಳದ ಆಘಾತಗಳು 1.4 ಪಟ್ಟು, 30ರಿಂದ 44 ಇದ್ದವರಲ್ಲಿ ಎರಡು ಪಟ್ಟು ಕಂಡವು. 60ರ ಮೇಲೆ, ನಿಮ್ಮಂತಹ ಆರೋಗ್ಯವಂತ ನಡುವಯಸ್ಕರಲ್ಲಿ, 75 ಇದೆಯೋ 85 ಇದೆಯೋ ಎಂಬುದರಿಂದ ಹೃದಯದ ಅಪಾಯ ಹೇಳಿಕೊಳ್ಳುವಷ್ಟು ಬದಲಾಗುವುದಿಲ್ಲ.

ಆದರೆ ಅದೇ ಆರೋಗ್ಯವಂತರಲ್ಲಿ ಒಂದು ಮೂತ್ರಪರೀಕ್ಷೆ ಬಹಳಷ್ಟು ಹೇಳುತ್ತದೆ, ಮತ್ತು ನಿಮ್ಮ ಉದ್ದನೆಯ ವರದಿಯಲ್ಲಿ ಅದೇ ಇಲ್ಲ: ಮೂತ್ರದ ಆಲ್ಬುಮಿನ್ ಮತ್ತು ಕ್ರಿಯಾಟಿನಿನ್ ಅನುಪಾತ. ಆಲ್ಬುಮಿನ್ ರಕ್ತದ ಪ್ರೋಟೀನು. ಸರಿಯಿರುವ ಜರಡಿ ಅದನ್ನು ಹೊರಗೆ ಬಿಡುವುದಿಲ್ಲ. ಒಂದು ಗ್ರಾಂ ಕ್ರಿಯಾಟಿನಿನ್‌ಗೆ 30 ಮಿಲಿಗ್ರಾಂಗಿಂತ ಹೆಚ್ಚು ಆಲ್ಬುಮಿನ್ ಹೋಗುತ್ತಿದ್ದರೆ ಅಸಹಜ. ಜಗತ್ತಿನ 21 ಅಧ್ಯಯನಗಳನ್ನು ಸೇರಿಸಿ 2010ರಲ್ಲಿ ಮಾಡಿದ ವಿಶ್ಲೇಷಣೆಯಲ್ಲಿ, ಈ ಅನುಪಾತ 5 ಇದ್ದವರಿಗಿಂತ 10 ಇದ್ದವರಲ್ಲಿ ಸಾವಿನ ಅಪಾಯ 1.2 ಪಟ್ಟು, 30 ಇದ್ದವರಲ್ಲಿ ಸುಮಾರು 1.6 ಪಟ್ಟು ಕಂಡಿತು. ಅಂದರೆ ವರದಿಯಲ್ಲಿ 'ಸಹಜ' ಎಂದು ಅಚ್ಚಾಗುವ ವ್ಯಾಪ್ತಿಯೊಳಗೇ ಅಪಾಯ ಮೆಲ್ಲನೆ ಏರುತ್ತ ಹೋಗುತ್ತದೆ. ಸಾಮಾನ್ಯ ಮೂತ್ರಪರೀಕ್ಷೆಯಲ್ಲಿ ಮೂತ್ರಕ್ಕೆ ಅದ್ದುವ ಪಟ್ಟಿ ಈ ಸಣ್ಣ ಸೋರಿಕೆಯನ್ನು ಹಿಡಿಯುವುದಿಲ್ಲ. 'ಯೂರಿನ್ ರುಟೀನ್ ನಾರ್ಮಲ್ ಇದೆಯಲ್ಲ' ಎಂದು ಸಮಾಧಾನ ಪಡುವವರು ಇದನ್ನು ಗಮನಿಸಬೇಕು. ಬೆಳಗಿನ ಮೊದಲ ಮೂತ್ರ ಕೊಡಿ. ಹಿಂದಿನ ದಿನ ಜಿಮ್‌ಗೆ ಹೋಗಬೇಡಿ. ಜ್ವರ, ಮೂತ್ರದ ಸೋಂಕು, ಮುಟ್ಟಿನ ದಿನಗಳಲ್ಲಿ ಮಾಡಿಸಿದರೆ ಸುಳ್ಳು ಏರಿಕೆ ಕಾಣುತ್ತದೆ. ಹೆಚ್ಚು ಬಂದರೆ ಮೂರರಿಂದ ಆರು ತಿಂಗಳ ಅವಧಿಯಲ್ಲಿ ಇನ್ನೆರಡು ಬಾರಿ ಮಾಡಿಸಿ, ಮೂರರಲ್ಲಿ ಎರಡು ಹೆಚ್ಚಿದ್ದರೆ ಮಾತ್ರ ನಿಜವೆಂದು ತಿಳಿಯಬೇಕು. ಸಕ್ಕರೆ ಕಾಯಿಲೆಯವರಿಗೆ ಈ ಪರೀಕ್ಷೆ ವರ್ಷಕ್ಕೊಮ್ಮೆ ಆಗಲೇಬೇಕು. 14 ವರ್ಷಗಳಲ್ಲಿ ನಿಮ್ಮ ತಾಯಿಯವರಿಗೆ ಎಷ್ಟು ಬಾರಿ ಆಗಿದೆ ಎಂದು ಹಳೆಯ ಕಡತ ತೆಗೆದು ನೋಡಿ.

ನಿಮ್ಮ ಪಟ್ಟಿಯ ಉಳಿದ ರಕ್ತಸೂಚಕಗಳ ಬಗ್ಗೆ ನನ್ನ ಅಭಿಪ್ರಾಯ ಹೇಳುವ ಮೊದಲು ಒಂದು ಹಿನ್ನೆಲೆ ಕೊಡುತ್ತೇನೆ. ಅಮೆರಿಕದ ಫ್ರೇಮಿಂಗ್‌ಹ್ಯಾಮ್ ಎಂಬ ಊರಿನಲ್ಲಿ 1948ರಿಂದ ತಲೆಮಾರುಗಳನ್ನು ಗಮನಿಸುತ್ತ ಬಂದಿರುವ ಹೃದಯ ಅಧ್ಯಯನವಿದೆ. ಅಲ್ಲಿನವರು 3,209 ಜನರಲ್ಲಿ ಹತ್ತು ಬಗೆಯ ಸೂಚಕಗಳನ್ನು ಅಳೆದು 2006ರಲ್ಲಿ ಫಲಿತಾಂಶ ಪ್ರಕಟಿಸಿದರು. ಹೃದಯದ ಆಘಾತವನ್ನು ಮುನ್ಸೂಚಿಸುವುದರಲ್ಲಿ ಆ ಹತ್ತರಲ್ಲಿ ಮುಂದೆ ನಿಂತವು ಎರಡು: ಹೃದಯದ ಮೇಲಿನ ಒತ್ತಡವನ್ನು ಹೇಳುವ ಬಿಎನ್‌ಪಿ, ಮತ್ತು ಮೂತ್ರದ ಆಲ್ಬುಮಿನ್. ಆದರೆ ವಯಸ್ಸು, ರಕ್ತದೊತ್ತಡ, ಕೊಲೆಸ್ಟರಾಲ್, ಸಕ್ಕರೆ, ಧೂಮಪಾನ ಇವುಗಳನ್ನು ಮೊದಲೇ ಲೆಕ್ಕಕ್ಕೆ ತೆಗೆದುಕೊಂಡ ಮೇಲೆ ಈ ಹೊಸ ಸೂಚಕಗಳೆಲ್ಲ ಸೇರಿ ಕೊಟ್ಟ ಹೆಚ್ಚುವರಿ ತಿಳಿವಳಿಕೆ ಅಲ್ಪವೇ ಆಗಿತ್ತು. ಪ್ಯಾಕೇಜಿನಲ್ಲಿ ಎಂಬತ್ತು ಪರೀಕ್ಷೆ ಇದೆಯೋ ನೂರು ಇದೆಯೋ ಎಂದು ಎಣಿಸುವವರಿಗೆ ನಾನು ಇದನ್ನೇ ಹೇಳುತ್ತೇನೆ.

ಎಚ್‌ಎಸ್‌ಸಿಆರ್‌ಪಿ 4.1 ಎಂಬುದನ್ನು ಸದ್ಯಕ್ಕೆ ಮರೆತುಬಿಡಿ. ಇದು ದೇಹದ ಉರಿಯೂತವನ್ನು ಹೇಳುವ, ಯಕೃತ್ತಿನಲ್ಲಿ ತಯಾರಾಗುವ ಪ್ರೋಟೀನು. 1ಕ್ಕಿಂತ ಕಡಿಮೆ ಇದ್ದರೆ ಹೃದಯದ ಅಪಾಯ ಕಡಿಮೆ, 3ಕ್ಕಿಂತ ಮೇಲಾದರೆ ಹೆಚ್ಚು ಎಂಬ ಲೆಕ್ಕವಿದೆ, ಆದರೆ ಅದು ಶೀತ, ಜ್ವರ, ಹಲ್ಲುನೋವು ಏನೂ ಇಲ್ಲದ ದಿನಕ್ಕೆ ಮಾತ್ರ. ಜ್ವರ ಬಿಟ್ಟ ವಾರದಲ್ಲಿ ಅಳೆದದ್ದಕ್ಕೆ ಬೆಲೆಯಿಲ್ಲ. ಈ ಸೂಚಕವನ್ನು ಪೂರ್ತಿ ತಳ್ಳಿಹಾಕುವಂತೆಯೂ ಇಲ್ಲ: 2008ರ ಜುಪಿಟರ್ ಎಂಬ ಪ್ರಯೋಗದಲ್ಲಿ, ಎಲ್‌ಡಿಎಲ್ 130ಕ್ಕಿಂತ ಕಡಿಮೆ ಇದ್ದರೂ ಸಿಆರ್‌ಪಿ 2 ಅಥವಾ ಹೆಚ್ಚು ಇದ್ದ 17,802 ಜನರಲ್ಲಿ ಅರ್ಧ ಜನರಿಗೆ ಕೊಲೆಸ್ಟರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಕೊಟ್ಟಾಗ ಹೃದಯಾಘಾತ, ಪಾರ್ಶ್ವವಾಯು ಮುಂತಾದವು ಶೇ 44ರಷ್ಟು ಕಡಿಮೆಯಾದವು. ಪೂರ್ತಿ ಆರೋಗ್ಯವಾಗಿರುವಾಗ, ಎರಡು ವಾರಗಳ ಅಂತರದಲ್ಲಿ ಎರಡು ಬಾರಿ ಅಳೆದು ಸರಾಸರಿ ನೋಡಿದರೆ ಅದರಿಂದ ಉಪಯೋಗವಿದೆ. ಮಾತು ಜ್ವರದ ಕಡೆ ಹೋದದ್ದರಿಂದ ಹೇಳುತ್ತೇನೆ, ಮುಂಬಯಿಯ ಮಳೆಗಾಲದಲ್ಲಿ ರಸ್ತೆಯ ನೀರಿನಲ್ಲಿ ನಡೆದ ಕೆಲವು ದಿನಗಳ ಮೇಲೆ ಜ್ವರ, ಮೀನಖಂಡದ ನೋವು, ಮೂತ್ರ ಕಡಿಮೆಯಾಗುವುದು ಕಂಡರೆ ಅದು ಇಲಿಜ್ವರ ಇರಬಹುದು. ಮೂತ್ರಪಿಂಡವನ್ನು ದಿನಗಳಲ್ಲೇ ಕೆಡವಬಲ್ಲ ಜ್ವರ ಅದು, ಕಾಯಬಾರದು.

ಹೋಮೋಸಿಸ್ಟೀನ್ ಎಂಬ ಅಮೈನೋ ಆಮ್ಲ 28 ಇರುವುದು ಸಸ್ಯಾಹಾರಿಗಳಲ್ಲಿ ಹೆಚ್ಚಾಗಿ ಬಿ12 ಕೊರತೆಯ ಸೂಚನೆ. ಬಿ12 ಅಳೆಸಿ, ಕಡಿಮೆಯಿದ್ದರೆ ಚಿಕಿತ್ಸೆ ಪಡೆಯಿರಿ. ಅದು ನರಗಳಿಗೆ, ರಕ್ತಕ್ಕೆ ಅಗತ್ಯ. ಹೃದಯಾಘಾತ ತಪ್ಪುತ್ತದೆ ಎಂಬ ಆಸೆಯಿಂದ ಮಾತ್ರ ತೆಗೆದುಕೊಳ್ಳಬೇಡಿ: 2006ರಲ್ಲಿ ಪ್ರಕಟವಾದ ಎರಡು ದೊಡ್ಡ ಪ್ರಯೋಗಗಳಲ್ಲಿ ಬಿ ಜೀವಸತ್ವಗಳಿಂದ ಹೋಮೋಸಿಸ್ಟೀನ್ ಇಳಿಯಿತು, ಹೃದಯಾಘಾತಗಳು ಇಳಿಯಲಿಲ್ಲ. ಯೂರಿಕ್ ಆಸಿಡ್ 7.4ಕ್ಕೂ ಗಂಟುನೋವು, ಕಲ್ಲು ಇಲ್ಲದಿದ್ದರೆ ಮಾತ್ರೆ ಬೇಡ. ಬ್ರಿಟನ್ನಿನಲ್ಲಿ ಹೃದಯದ ಕಾಯಿಲೆ ಇರುವ ಹಿರಿಯರಿಗೆ ಯೂರಿಕ್ ಆಸಿಡ್ ಇಳಿಸುವ ಅಲೋಪ್ಯೂರಿನಾಲ್ ಕೊಟ್ಟು ನಡೆಸಿದ ಪ್ರಯೋಗ 2022ರಲ್ಲಿ ಮುಗಿದಾಗ ಹೃದಯಕ್ಕೆ ಯಾವ ಲಾಭವೂ ಕಾಣಲಿಲ್ಲ. ಎನ್‌ಟಿ ಪ್ರೋಬಿಎನ್‌ಪಿ 32 ಚೆನ್ನಾಗಿದೆ. ಹೃದಯದ ಸ್ನಾಯು ಸೋತಿಲ್ಲ ಎಂದು ಅದರ ಅರ್ಥ. ಧಮನಿಯಲ್ಲಿ ಅಡಚಣೆ ಇಲ್ಲ ಎಂಬ ಭರವಸೆಯನ್ನು ಅದು ಕೊಡುವುದಿಲ್ಲ. ತಾಯಿಯವರಿಗೆ ಇದೇ ಪರೀಕ್ಷೆ ಮಾಡಿಸಿ ಹೆಚ್ಚು ಬಂದರೆ ಗಾಬರಿ ಬೇಡ, ಸೋಸುವಿಕೆ ಕಡಿಮೆಯಾದಾಗಲೂ ಅದು ಏರುತ್ತದೆ. ವೈದ್ಯರು ಎರಡನ್ನೂ ಸೇರಿಸಿ ಓದಬೇಕು.

ನಿಮ್ಮ ಪಟ್ಟಿಯಲ್ಲಿ ಇಲ್ಲದ, ಆದರೆ ನಾನು ನಿಮಗೆ ಒತ್ತಾಯಿಸಿ ಹೇಳುವ ರಕ್ತಪರೀಕ್ಷೆ ಒಂದೇ: ಲೈಪೋಪ್ರೋಟೀನ್ ಎ. ಇದು ರಕ್ತದಲ್ಲಿ ಕೊಲೆಸ್ಟರಾಲ್ ಹೊರುವ ಒಂದು ಕಣ, ಇದರ ಪ್ರಮಾಣವನ್ನು ಬಹುಮಟ್ಟಿಗೆ ವಂಶವಾಹಿ ನಿರ್ಧರಿಸುತ್ತದೆ. ಊಟ, ವ್ಯಾಯಾಮದಿಂದ ಅಷ್ಟೇನೂ ಬದಲಾಗುವುದಿಲ್ಲ, ಹಾಗಾಗಿ ಜೀವಮಾನದಲ್ಲಿ ಒಮ್ಮೆ ಅಳೆದರೆ ಸಾಕು. 50 ಮಿಲಿಗ್ರಾಂಗಿಂತ ಹೆಚ್ಚಿದ್ದರೆ ಉಳಿದ ಎಲ್ಲವನ್ನೂ ಇನ್ನಷ್ಟು ಬಿಗಿಯಾಗಿ ಹಿಡಿತದಲ್ಲಿಡಬೇಕಾಗುತ್ತದೆ. ತಂದೆ 52ಕ್ಕೆ ಹೃದಯಾಘಾತದಿಂದ ತೀರಿಕೊಂಡಿದ್ದಾರೆ ಎಂದರೆ ನಿಮಗೂ ನಿಮ್ಮ ಒಡಹುಟ್ಟಿದವರಿಗೂ ಇದು ಬೇಕು.

ಇನ್ನು ನಿಮ್ಮ ಹೃದಯದ ನಿಜವಾದ ಅಪಾಯ. 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇಂಟರ್‌ಹಾರ್ಟ್ ಅಧ್ಯಯನದಲ್ಲಿ ಹೃದಯಾಘಾತದ ಅಪಾಯದ ಶೇ 90ಕ್ಕೂ ಹೆಚ್ಚು ಭಾಗವನ್ನು ಒಂಬತ್ತು ಸಾಮಾನ್ಯ ಅಂಶಗಳೇ ವಿವರಿಸಿದವು. ರಕ್ತದೊತ್ತಡ, ಕೆಟ್ಟ ಕೊಬ್ಬು, ಸೊಂಟದ ಸುತ್ತಳತೆ, ಮಾನಸಿಕ ಒತ್ತಡ ಎಲ್ಲವೂ ಅದರಲ್ಲಿವೆ. ಅದೇ ಅಧ್ಯಯನದಲ್ಲಿ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತ ಸರಾಸರಿ 53ನೇ ವಯಸ್ಸಿಗೆ, ಉಳಿದ ದೇಶದವರಿಗೆ ಸುಮಾರು 59ಕ್ಕೆ ಬಂದದ್ದು ಕಂಡಿತು. ನಿಮ್ಮ ತಂದೆಯವರ ವಯಸ್ಸನ್ನು ಇದರ ಪಕ್ಕದಲ್ಲಿಟ್ಟು ನೋಡಿ. 55ಕ್ಕೆ ಮೊದಲು ತಂದೆಗೆ ಹೃದಯಾಘಾತವಾಗಿದ್ದರೆ ಅದನ್ನು ಅಕಾಲಿಕ ಎನ್ನುತ್ತೇವೆ, ಮಕ್ಕಳ ಅಪಾಯದ ಲೆಕ್ಕ ಅದರಿಂದ ಏರುತ್ತದೆ. ಎಲ್‌ಡಿಎಲ್ 142, ಎಚ್‌ಡಿಎಲ್ 38, ಟ್ರೈಗ್ಲಿಸರೈಡ್ 190 ಎಂಬ ಜೋಡಣೆ ನಮ್ಮವರಲ್ಲಿ ಬಹಳ ಸಾಮಾನ್ಯ. ಸಾಮಾನ್ಯ ಎಂಬ ಕಾರಣಕ್ಕೇ ಅದನ್ನು ಯಾರೂ ಗಂಭೀರವಾಗಿ ತೆಗೆದುಕೊಳ್ಳುವುದಿಲ್ಲ. ಅಮೆರಿಕದ ಹೃದಯ ಸಂಘ 2023ರಲ್ಲಿ ಹೊರತಂದ ಪ್ರಿವೆಂಟ್ ಎಂಬ ಲೆಕ್ಕಾಚಾರದಲ್ಲಿ ಇಜಿಎಫ್‌ಆರ್ ಕೂಡ ಒಂದು ಅಂಶವಾಗಿ ಸೇರಿದೆ, ಆಲ್ಬುಮಿನ್ ಅನುಪಾತ ಇದ್ದರೆ ಅದನ್ನೂ ಹಾಕಬಹುದು. ಒಳ್ಳೆಯ ಬದಲಾವಣೆ. ಆದರೆ ಅದು ಅಮೆರಿಕದ ಜನರ ದಾಖಲೆಗಳಿಂದ ಕಟ್ಟಿದ್ದು, ತಂದೆಯ ಹೃದಯಾಘಾತವನ್ನು ಅದು ಕೇಳುವುದೂ ಇಲ್ಲ. ನಿಮ್ಮಂತಹವರಿಗೆ ಅದು ಕಡಿಮೆ ಅಪಾಯ ತೋರಿಸಿದರೂ ನಾನು ಅಲ್ಲಿಗೆ ನಿಲ್ಲುವುದಿಲ್ಲ. ಸ್ಟ್ಯಾಟಿನ್ ಬೇಕೋ ಬೇಡವೋ ಎಂಬುದನ್ನು ನಿಮ್ಮನ್ನು ಮುಟ್ಟಿ ಪರೀಕ್ಷಿಸುವ ವೈದ್ಯರ ಜೊತೆ ಕುಳಿತು, ಲೈಪೋಪ್ರೋಟೀನ್ ಎ ಫಲಿತಾಂಶ ಕೈಯಲ್ಲಿಟ್ಟುಕೊಂಡು ನಿರ್ಧರಿಸಿ.

142/90ನ್ನು ಗಡಿಬಿಡಿಯ ಲೆಕ್ಕಕ್ಕೆ ಬರೆದು ಬಿಡಬೇಡಿ. ತೋಳಿಗೆ ಕಟ್ಟುವ ಯಂತ್ರವೊಂದನ್ನು ಮನೆಗೆ ತನ್ನಿ. ಮೂತ್ರ ಮಾಡಿ ಬಂದು, ಬೆನ್ನಿಗೆ ಆಸರೆ ಕೊಟ್ಟು, ಕಾಲು ನೆಲಕ್ಕೆ ಊರಿ, ಐದು ನಿಮಿಷ ಸುಮ್ಮನೆ ಕುಳಿತ ಮೇಲೆ ಎರಡು ಸಲ ಅಳೆಯಿರಿ. ಬೆಳಿಗ್ಗೆ ಚಹಾಕ್ಕೆ ಮೊದಲು, ರಾತ್ರಿ ಮಲಗುವ ಮುನ್ನ, ಏಳು ದಿನ. ಮೊದಲ ದಿನದ್ದನ್ನು ಬಿಟ್ಟು ಉಳಿದವುಗಳ ಸರಾಸರಿ 135/85 ಅಥವಾ ಹೆಚ್ಚು ಇದ್ದರೆ ಅದು ರಕ್ತದೊತ್ತಡವೇ. ಲೋಕಲ್ ರೈಲಿನಲ್ಲಿ ನಿಂತು ಎರಡೂ ಕಡೆ ಸೇರಿ ದಿನಕ್ಕೆ ಎರಡು ಮೂರು ಗಂಟೆ ಕಳೆಯುವವರು, ಆರು ಗಂಟೆಯೂ ನಿದ್ದೆಯಿಲ್ಲದವರು ನನ್ನ ಬಳಿ ಬರುವಾಗ ನಾನು ಮೊದಲು ನೋಡುವುದು ಕ್ರಿಯಾಟಿನಿನ್ ಅಲ್ಲ, ಇದನ್ನು. ಜಿಮ್‌ನ ಭಾರದ ಜೊತೆ ವಾರದಲ್ಲಿ ಐದು ದಿನವಾದರೂ ಅರ್ಧ ಗಂಟೆಯ ಬಿರುಸು ನಡಿಗೆ ಸೇರಿಸಿ; ಭಾರ ಎತ್ತುವುದೊಂದೇ ಸಾಲದು.

ಉಪ್ಪಿನ ಬಗ್ಗೆ ಎರಡು ಮಾತು, ಏಕೆಂದರೆ ಇಲ್ಲಿ ಒಂದೇ ಅಡುಗೆಮನೆಯಲ್ಲಿ ಇಬ್ಬರಿಗೆ ಎರಡು ಸಲಹೆ. ವಿಶ್ವ ಆರೋಗ್ಯ ಸಂಸ್ಥೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಎನ್ನುತ್ತದೆ, ಅಂದರೆ ಒಂದು ಚಹಾ ಚಮಚದಷ್ಟು. ಊಟಕ್ಕೆ ಉಪ್ಪಿನಕಾಯಿ, ಹಪ್ಪಳ, ಸಂಜೆ ನಿಲ್ದಾಣದ ಹೊರಗಿನ ವಡಾ ಪಾವ್, ವಾರಾಂತ್ಯಕ್ಕೆ ಹೋಟೆಲ್ ಸಾಂಬಾರು ಸೇರಿದರೆ ಅದು ಸುಲಭವಾಗಿ ಮೀರುತ್ತದೆ. ಸೋಡಿಯಂ ಕಡಿಮೆ ಮಾಡಿ ಪೊಟ್ಯಾಸಿಯಂ ಸೇರಿಸಿದ ಉಪ್ಪು ಈಗ ಅಂಗಡಿಗಳಲ್ಲಿ ಸಿಗುತ್ತದೆ. ಚೀನಾದ ಹಳ್ಳಿಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗದಲ್ಲಿ ಅಂತಹ ಉಪ್ಪಿನಿಂದ ಪಾರ್ಶ್ವವಾಯು ಶೇ 14ರಷ್ಟು ಕಡಿಮೆಯಾಯಿತು. ನಿಮಗೆ ಅದು ಒಳ್ಳೆಯದೇ. ಆದರೆ ಅದೇ ಡಬ್ಬಿಯ ಉಪ್ಪು ತಾಯಿಯವರ ತಟ್ಟೆಗೂ ಹೋಗುತ್ತದೆ. ಸೋಸುವಿಕೆ ಕಡಿಮೆಯಾದವರಲ್ಲಿ, ಅದರಲ್ಲೂ ಕೆಲವು ಬಿಪಿ ಮಾತ್ರೆಗಳನ್ನು ತೆಗೆದುಕೊಳ್ಳುವವರಲ್ಲಿ, ಪೊಟ್ಯಾಸಿಯಂ ಏರಿ ಹೃದಯದ ಬಡಿತವೇ ತಪ್ಪಬಹುದು. ಹಾಗಾಗಿ ನಿಮ್ಮ ಮನೆಗೆ ಸಾಮಾನ್ಯ ಉಪ್ಪೇ ಇರಲಿ, ಪ್ರಮಾಣ ಮಾತ್ರ ಇಳಿಯಲಿ.

ಐದು ಲೀಟರ್ ನೀರು ಬೇಡ. ಹೆಚ್ಚು ನೀರು ಕುಡಿಸುವುದರಿಂದ ಮೂತ್ರಪಿಂಡದ ಇಳಿಕೆ ನಿಧಾನವಾಗುತ್ತದೆಯೇ ಎಂದು ಕೆನಡಾದಲ್ಲಿ ಪರೀಕ್ಷಿಸಿದರು, 2018ರಲ್ಲಿ ಬಂದ ಫಲಿತಾಂಶದಲ್ಲಿ ಲಾಭ ಕಾಣಲಿಲ್ಲ. ಬಾಯಾರಿಕೆಯಂತೆ, ಮುಂಬಯಿಯ ಸೆಕೆ ಮತ್ತು ಬೆವರಿಗೆ ತಕ್ಕಂತೆ, ಮೂತ್ರ ತಿಳಿ ಹಳದಿ ಇರುವಷ್ಟು ಕುಡಿದರೆ ಸಾಕು.

ಬಿಂಬುಳಿ ರಸ ಮಾತ್ರ ಬೇಡವೇ ಬೇಡ. ಕರಾವಳಿಯವರಿಗೆ ಅದು ಸಾರು, ಉಪ್ಪಿನಕಾಯಿಯ ಪರಿಚಿತ ಹುಳಿ. ಅಡುಗೆಯಲ್ಲಿ ಎರಡು ಕಾಯಿ ಬಿದ್ದರೆ ಆರೋಗ್ಯವಂತರಿಗೆ ತೊಂದರೆಯಿಲ್ಲ. ಲೋಟಗಟ್ಟಲೆ ಹಸಿ ರಸ ಕುಡಿಯುವುದು ಬೇರೆಯೇ ಮಾತು. ಅದರಲ್ಲಿ ಆಕ್ಸಲೇಟ್ ವಿಪರೀತವಿದೆ, ಅದು ಮೂತ್ರಪಿಂಡದೊಳಗೆ ಹರಳುಗಟ್ಟುತ್ತದೆ. ಕೇರಳದಲ್ಲಿ ಕೊಲೆಸ್ಟರಾಲ್ ಇಳಿಸಲೆಂದು ಈ ರಸ ಕುಡಿದು ಮೂತ್ರಪಿಂಡ ಏಕಾಏಕಿ ವಿಫಲವಾದ ರೋಗಿಗಳ ವರದಿಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಬಂದಿವೆ, ಕೆಲವರಿಗೆ ಡಯಾಲಿಸಿಸ್ ಬೇಕಾಯಿತು. ಗೋವಾ, ಮುಂಬಯಿ ಮಾರುಕಟ್ಟೆಯಲ್ಲಿ ಕರಂಬಲ ಎಂದು ಸಿಗುವ ನಕ್ಷತ್ರಾಕಾರದ ಹಣ್ಣು ಇದರ ಹತ್ತಿರದ ಸಂಬಂಧಿ. ನಿಮ್ಮ ತಾಯಿಯವರು ಅದನ್ನೂ ಮುಟ್ಟಬಾರದು.

ತಾಯಿಯವರಿಗೆ ಈ ವಾರವೇ ಮಾಡಿಸಬೇಕಾದದ್ದು ಇಷ್ಟು: ಕ್ರಿಯಾಟಿನಿನ್ ಮತ್ತೊಮ್ಮೆ, ಸಿಸ್ಟಾಟಿನ್ ಸಿ, ಮೂತ್ರದ ಆಲ್ಬುಮಿನ್ ಅನುಪಾತ, ಪೊಟ್ಯಾಸಿಯಂ, ಹಿಮೋಗ್ಲೋಬಿನ್, ಮೂತ್ರಪಿಂಡಗಳ ಸೋನೋಗ್ರಫಿ. ಸಕ್ಕರೆಯಿಂದ ಕಣ್ಣಿನ ಅಕ್ಷಿಪಟಕ್ಕೆ ಹಾನಿಯಾಗಿದೆಯೇ ಎಂದೂ ನೋಡಿಸಿ, ಮೂತ್ರಪಿಂಡಕ್ಕೂ ಕಣ್ಣಿಗೂ ಹಾನಿ ಹೆಚ್ಚಾಗಿ ಜೊತೆಯಲ್ಲೇ ಬರುತ್ತದೆ. ಹಳೆಯ ಕ್ರಿಯಾಟಿನಿನ್ ವರದಿಗಳೆಲ್ಲವನ್ನೂ ದಿನಾಂಕದ ಕ್ರಮದಲ್ಲಿ ಜೋಡಿಸಿ ವೈದ್ಯರ ಬಳಿಗೆ ಒಯ್ಯಿರಿ. ಹಿಂದೆ ಮೂರು ತಿಂಗಳಿಗೂ ಹಳೆಯದಾದ ವರದಿಯಲ್ಲೂ ಇದೇ ಮಟ್ಟ ಇದ್ದರೆ ಕಾಯಿಲೆ ಹಳೆಯದೆಂದು ಅಲ್ಲೇ ಗೊತ್ತಾಗುತ್ತದೆ. ಖಾಸಗಿ ತಜ್ಞರ ಖರ್ಚು ಹೊರೆಯೆನಿಸಿದರೆ ಪರೇಲ್‌ನ ಕೆಇಎಂ, ಸಯನ್ ಆಸ್ಪತ್ರೆಯಂತಹ ಪಾಲಿಕೆಯ ಬೋಧನಾ ಆಸ್ಪತ್ರೆಗಳ ಮೂತ್ರಪಿಂಡ ವಿಭಾಗಗಳಿವೆ. ಸರದಿ ಉದ್ದವಿರುತ್ತದೆ, ಬೆಳಿಗ್ಗೆ ಬೇಗ ಹೋಗಬೇಕು.

ಅವರ ಔಷಧಗಳ ಡಬ್ಬಿಯನ್ನು ಒಂದು ಸಲ ಪೂರ್ತಿ ತೆರೆದು ನೋಡಿ. 68ರ ತಾಯಂದಿರಲ್ಲಿ ಮೊಣಕಾಲು ನೋವಿಗೆ ಅಂಗಡಿಯಿಂದ ನೇರ ತಂದ ಮಾತ್ರೆ ಇಲ್ಲದ ಡಬ್ಬಿ ಅಪರೂಪ. ಡೈಕ್ಲೋಫೆನಾಕ್, ಐಬುಪ್ರೊಫೆನ್, ಅಸೆಕ್ಲೋಫೆನಾಕ್ ಎಂದು ಬರೆದಿದ್ದರೆ ನಿಲ್ಲಿಸಿ, ನೋವಿಗೆ ಬೇರೆ ದಾರಿ ವೈದ್ಯರನ್ನು ಕೇಳಿ. ಕೆಲವು ಬಿಪಿ ಮಾತ್ರೆಗಳು ಮತ್ತು ಮೂತ್ರ ಹೆಚ್ಚಿಸುವ ಮಾತ್ರೆಯ ಜೊತೆ ಇವು ಸೇರಿದಾಗ ಹಾನಿ ಇನ್ನೂ ಹೆಚ್ಚು. ಏನಿದೆ ಎಂದು ಬರೆಯದ ಭಸ್ಮ, ಪುಡಿಗಳೂ ಬೇಡ. ಮೆಟ್‌ಫಾರ್ಮಿನ್ ತೆಗೆದುಕೊಳ್ಳುತ್ತಿದ್ದರೆ ಗಾಬರಿಯಿಂದ ನಿಲ್ಲಿಸಬೇಡಿ: 45ರ ಕೆಳಗೆ ಹೋದರೆ ಪ್ರಮಾಣ ಕಡಿಮೆ ಮಾಡುವ ವಿಚಾರ, 30ರ ಕೆಳಗೆ ನಿಲ್ಲಿಸುವುದು. ಸಿಟಿ ಸ್ಕ್ಯಾನ್ ಅಥವಾ ಆಂಜಿಯೋಗ್ರಫಿಗೆ ಬಣ್ಣದ ದ್ರವ ಚುಚ್ಚುವ ಮೊದಲು ಈ ಇಜಿಎಫ್‌ಆರ್ ಅಂಕಿಯನ್ನು ತಪ್ಪದೆ ಹೇಳಿ.

ಸಂತೋಷದ ಸಂಗತಿಯೆಂದರೆ ನಾನು ಕಲಿಯುವಾಗ ಇಲ್ಲದ ಔಷಧಗಳು ಈಗ ಇವೆ. ಮೂತ್ರದ ಮೂಲಕ ಸಕ್ಕರೆ ಹೊರಹಾಕುವ ಡಾಪಾಗ್ಲಿಫ್ಲೋಜಿನ್, ಎಂಪಾಗ್ಲಿಫ್ಲೋಜಿನ್ ಮೂತ್ರಪಿಂಡದ ಇಳಿಕೆಯನ್ನು ನಿಧಾನಗೊಳಿಸುವುದನ್ನು 2020 ಮತ್ತು 2023ರಲ್ಲಿ ಪ್ರಕಟವಾದ ದೊಡ್ಡ ಪ್ರಯೋಗಗಳು ತೋರಿಸಿವೆ. ಹೃದಯ ವೈಫಲ್ಯಕ್ಕೂ ಈ ಔಷಧಗಳನ್ನು ಈಗ ಕೊಡುತ್ತಾರೆ. ಆಲ್ಬುಮಿನ್ ಸೋರುತ್ತಿದ್ದರೆ ಸೋರಿಕೆ ತಗ್ಗಿಸುವ ಬಿಪಿ ಮಾತ್ರೆಗಳಿವೆ. ಸುಮಾರು 9,000 ಮೂತ್ರಪಿಂಡ ರೋಗಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸ್ಟ್ಯಾಟಿನ್ ಜೊತೆ ಕೊಲೆಸ್ಟರಾಲ್ ಇಳಿಸುವ ಇನ್ನೊಂದು ಮಾತ್ರೆ ಎಜೆಟಿಮೈಬ್ ಕೊಟ್ಟಾಗ ಧಮನಿ ಮುಚ್ಚುವಿಕೆಯಿಂದ ಆಗುವ ಆಘಾತಗಳು ಶೇ 17ರಷ್ಟು ಇಳಿದವು. 'ಕೊಲೆಸ್ಟರಾಲ್ ಅಷ್ಟೇನೂ ಇಲ್ಲ' ಎಂಬ ಕಾರಣಕ್ಕೆ ತಾಯಿಯವರಿಗೆ ಸ್ಟ್ಯಾಟಿನ್ ಕೊಟ್ಟಿಲ್ಲದಿರಬಹುದು. ಈ ಮೂರೂ ಬಗೆಯ ಔಷಧಗಳನ್ನು ಹೆಸರು ಹೇಳಿ ವೈದ್ಯರನ್ನು ಕೇಳಿ. ಕೇಳುವ ಹಕ್ಕು ನಿಮಗಿದೆ, ಒಳ್ಳೆಯ ವೈದ್ಯರು ಅದಕ್ಕೆ ಬೇಸರಿಸುವುದಿಲ್ಲ.

ನಿಮ್ಮ ಮಟ್ಟಿಗೆ, ಕ್ರಿಯಾಟಿನ್ ಪುಡಿಯನ್ನು ಒಂದು ತಿಂಗಳು ಬಿಟ್ಟು, ಎರಡು ದಿನ ಜಿಮ್‌ಗೆ ಹೋಗದೆ, ಕ್ರಿಯಾಟಿನಿನ್ ಮತ್ತೊಮ್ಮೆ ಅಳೆಸಿ. ಅದೇ ದಿನ ಮೂತ್ರದ ಆಲ್ಬುಮಿನ್ ಅನುಪಾತ, ಲೈಪೋಪ್ರೋಟೀನ್ ಎ ಮತ್ತು ಬಿ12 ಆಗಲಿ. ಏಳು ದಿನದ ರಕ್ತದೊತ್ತಡದ ಪಟ್ಟಿಯನ್ನು ಬರೆದು ಜೊತೆಗಿಟ್ಟುಕೊಳ್ಳಿ. ಸರಾಸರಿ 135/85 ದಾಟಿದ್ದರೆ ಮುಂದಿನ ರಕ್ತಪರೀಕ್ಷೆಯ ತಾರೀಕಿಗೆ ಕಾಯದೆ ಅದೇ ವಾರ ವೈದ್ಯರನ್ನು ಕಾಣಿರಿ. ತಾಯಿಯವರ ವರದಿ ಬಂದ ಮೇಲೆ ಇಜಿಎಫ್‌ಆರ್ ಮತ್ತು ಆಲ್ಬುಮಿನ್ ಅನುಪಾತ ಎರಡನ್ನೂ ನನಗೆ ಬರೆದು ಕಳುಹಿಸಿ.